ತೊಂಬತ್ತೊಂದರ ಕೆಂಪು ಮನೆ

ಜನ ನನ್ನ ಮುಖ ನೋಡುವ ಮೊದಲೇ ನನ್ನ ಮೇಲೆ ಕೂತುಬಿಡುತ್ತಾರೆ. ನನಗೆ ಅದರ ಬೇಸರವಿಲ್ಲ. ನಾನು ಜಮಖಾನ. ಮನುಷ್ಯರನ್ನು ಪಾದದಿಂದ ಗುರುತಿಸುತ್ತೇನೆ. ಯಾರು ಅವಸರದವರು, ಯಾರು ನಾಚಿಕೆಯವರು, ಯಾರು ಬೆಳಿಗ್ಗೆ ಅತ್ತು ಬಂದಿದ್ದಾರೆ ಎಂಬುದನ್ನೆಲ್ಲ ಹಿಮ್ಮಡಿ ಹೇಳುತ್ತದೆ.

ನಾನು ಹುಟ್ಟಿದ್ದು ನವಲಗುಂದದಲ್ಲಿ, ಖಾತೂನಬಿಯ ಮನೆಯ ಪಡಸಾಲೆಯಲ್ಲಿ. ಗೋಡೆಗೆ ಆನಿಸಿ ನಿಲ್ಲಿಸಿದ ಮಗ್ಗ, ಅದಕ್ಕೆ ಮೇಲಿಂದ ಕೆಳಗೆ ಬಿಗಿದ ಬಿಳಿ ಹಾಸುನೂಲು. ಖಾತೂನಬಿ ಮಣೆಯ ಮೇಲೆ ಕೂತು, ಬಣ್ಣದ ನೂಲನ್ನು ಅಡ್ಡ ಎಳೆದು, ಕಬ್ಬಿಣದ ಹಲ್ಲಿನ ಪಂಜಾದಿಂದ ಧಪ್ ಧಪ್ ಎಂದು ಕೆಳಕ್ಕೆ ಕೂರಿಸುತ್ತಿದ್ದಳು. ಆ ಧಪ್ ಧಪ್ ಸದ್ದೇ ನಾನು ಕೇಳಿದ ಮೊದಲ ಮಾತು.

ನನಗಿಂತ ಮೊದಲು ಆ ಮಗ್ಗದಿಂದ ಇಳಿದವರ ಮೈಮೇಲೆ ನವಿಲುಗಳಿದ್ದವು, ನಡುವೆ ಚೌಕಾಬಾರಾದ ಮನೆಗಳಿದ್ದವು. ನನಗೆ ನವಿಲು ಬರಲಿಲ್ಲ. ನನಗೆ ಬಂದದ್ದು ಬರೀ ಮನೆಗಳು. ಒಂದು ಸಾಲಿಗೆ ಹತ್ತರಂತೆ ಹತ್ತು ಸಾಲು. ಕೆಲವು ಕೆಂಪು, ಉಳಿದವು ಹಳದಿ.

"ಇದೆಂಥಾ ನಕ್ಷೀನೋ ಯವ್ವಾ," ಎಂದು ಖಾತೂನಬಿ ಸೊಸೆಯ ಮುಂದೆ ಗೊಣಗಿದ್ದಳು. "ಕೆಂಪಿಗೆ ಒಂದ ಲೆಕ್ಕಿಲ್ಲ, ಪತ್ರಿಲ್ಲ. ಎಲ್ಲಿ ಬೇಕಲ್ಲೆ ಹಾರಿ ಕುಂತಾವು, ಕುಪ್ಪಳಸೋ ಕಪ್ಪಿಯಂಗ."

ಆ ನಕ್ಷೆಯನ್ನು ಬರೆದುಕೊಟ್ಟವನು ಗುರುಸಿದ್ಧ. ನವಲಗುಂದದ ದಾರಿಯಲ್ಲಿ ದಿನವೂ ಓಡಾಡುವ ಬಸ್ಸಿನ ಕಂಡಕ್ಟರ್. ಅವನ ಹೆಂಡತಿ ವನಮಾಲಾ ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿ, ನರಗುಂದದ ಕಡೆಯ ಒಂದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದಳು. ಮಕ್ಕಳಿಗೆ ಅಪವರ್ತನ ತಿಳಿಯದು, ಅಪವರ್ತ್ಯ ತಿಳಿಯದು, ಅವಿಭಾಜ್ಯ ಸಂಖ್ಯೆ ಎಂದರೆ ಮುಖ ಸಣ್ಣದಾಗುತ್ತದೆ ಎಂದು ಅವಳು ಮನೆಯಲ್ಲಿ ಗೋಳಾಡಿದಳಂತೆ. ಗುರುಸಿದ್ಧನಿಗೆ ಗಣಿತ ಅಷ್ಟಕ್ಕಷ್ಟೆ, ಆದರೆ ಚೌಕಾಬಾರಾ ಎಂದರೆ ಪ್ರಾಣ. "ಓದಿಸಬ್ಯಾಡ, ಆಡಸು," ಎಂದು ಅವನೇ ಆಟ ಕಟ್ಟಿದ.

ಆಟ ಸರಳ. ಒಂದರಿಂದ ಹೊರಟು ನೂರು ಮುಟ್ಟಬೇಕು. ಏಳು ಕವಡೆ ಚೆಲ್ಲಬೇಕು, ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಡೆಯುವುದು ಬೇಡವಾದರೆ ಎದುರಾಳಿಯ ಕಾಯಿ ಹೊಡೆಯಬಹುದು. ಆರು ಬಿದ್ದರೆ ಆರರ ಮಗ್ಗಿಯಲ್ಲಿ ಬರುವ ಯಾವ ಮನೆಯಲ್ಲಿ ಕೂತ ಕಾಯಿಯನ್ನಾದರೂ ಹೊಡೆಯಬಹುದು, ಆದರೆ "ಆರ ಏಳ್ಲೆ ನಲವತ್ತೆರಡು" ಎಂದು ಮಗ್ಗಿ ಒದರಿಯೇ ಹೊಡೆಯಬೇಕು. ಒಂದು ಬಿದ್ದರೆ ಮಾತ್ರ ನಡೆಯಬೇಕಷ್ಟೆ, ಹೊಡೆಯುವಂತಿಲ್ಲ. ಕೆಂಪು ಮನೆ ಮಾತ್ರ ಕಟ್ಟೆ ಮನೆ. ಹದಿನೇಳು, ಇಪ್ಪತ್ಮೂರು, ನಲವತ್ತೊಂದು, ಇಂಥ ಅವಿಭಾಜ್ಯಗಳ ಬಾಗಿಲಿಗೆ ತಮ್ಮದೇ ಮಗ್ಗಿ ಬಿಟ್ಟು ಬೇರೆ ಯಾವ ಮಗ್ಗಿಯೂ ಬರುವುದಿಲ್ಲ. ಅಲ್ಲಿ ಕೂತವರನ್ನು ಯಾರೂ ಹೊಡೆಯುವಂತಿಲ್ಲ. ಇನ್ನೊಂದು ನಿಯಮವನ್ನು ಅವನು ಚೌಕಾಬಾರಾದಿಂದಲೇ ತಂದಿದ್ದ. ಒಂದು ಕಾಯಿಯನ್ನಾದರೂ ಹೊಡೆಯದವರಿಗೆ ನೂರರ ಮನೆ ಇಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು, ಖಾತೂನಬಿಯ ಆಡು ಬರುವ ತನಕ.

ನನ್ನ ಒಂಬತ್ತು ಸಾಲು ಮುಗಿದಿದ್ದವು. ಖಾತೂನಬಿ ನೀರು ಕುಡಿಯಲು ಒಳಗೆ ಹೋದಾಗ ಆಡು ಪಡಸಾಲೆಗೆ ಹತ್ತಿ, ನಕ್ಷೆಯ ಕಾಗದದ ಮೇಲಂಚನ್ನು ಚಪ್ಪರಿಸಿ ತಿಂದಿತು. ತೊಂಬತ್ತೊಂದರಿಂದ ನೂರರವರೆಗಿನ ಮನೆಗಳೆಲ್ಲ ಅದರ ಹೊಟ್ಟೆ ಸೇರಿದವು. ಖಾತೂನಬಿ ಬಸ್ಸಿನವರ ಕೈಲಿ ಹೇಳಿಕಳಿಸಿದಳು. ಮರುದಿನ ಗುರುಸಿದ್ಧ ಬಸ್ಸನ್ನು ಮೂಲೆಯಲ್ಲಿ ನಿಲ್ಲಿಸಿ, ಟಿಕೀಟಿನ ಚೀಲ ಹೆಗಲಿಗೇ ಇದ್ದ ಹಾಗೆ ಓಡಿಬಂದ.

"ಕಡೇ ಸಾಲಿನ್ಯಾಗ ಕೆಂಪ ಯಾವ್ರೀ, ಕಂಡಕ್ಟರ್ ಸಾಹೇಬ್ರ? ಲಗೂನ ಹೇಳ್ರಿ, ಬಣ್ಣ ಅದ್ದಿಟ್ಟೀನಿ."

"ತೊಂಬತ್ತೇಳು ಕೆಂಪ, ಬೂಬಮ್ಮಾ. ಮತ್ತ ತೊಂಬತ್ತೊಂದು..." ಅವನು ನನ್ನ ಎದುರು ನಿಂತು ಬೆರಳು ಮಡಿಚತೊಡಗಿದ. "ಎರಡು ಹೋಗಂಗಿಲ್ಲ. ಮೂರು ಹೋಗಂಗಿಲ್ಲ. ಐದೂ ಹೋಗಂಗಿಲ್ಲ. ಏಳ ಹತ್ಲೆ ಎಪ್ಪತ್ತು... ಏಳ ಹನ್ನೊಂದ್ಲೆ ಎಪ್ಪತ್ತೇಳು..."

ಬೀದಿಯ ತುದಿಯಲ್ಲಿ ಡ್ರೈವರ್ ಹಾರನ್ ಒತ್ತಿದ. ಬಿಡದೆ ಒತ್ತಿದ.

"ಬಂದೆನೋ ಮಾರಾಯ!" ಎಂದು ಗುರುಸಿದ್ಧ ಅತ್ತ ಕೂಗಿದ. ಇತ್ತ ತಿರುಗಿ, "ಕೆಂಪ ಹಾಕ್ರಿ, ಕೆಂಪ ಹಾಕ್ರಿ," ಎಂದು ಓಡಿದ.

ಖಾತೂನಬಿ ಕೆಂಪು ಹಾಕಿದಳು. ಹೀಗೆ ನನ್ನ ಮೇಲಿನ ಸಾಲಿನ ಮೊದಲ ಮನೆ ಕೆಂಪಾಯಿತು.

ಅವರ ಮನೆಯಲ್ಲಿ ನನ್ನನ್ನು ಬಿಚ್ಚಿದ್ದು ಒಂದು ಭಾನುವಾರ. ಎರಡೇ ಕೋಣೆಯ ಬಾಡಿಗೆ ಮನೆ. ವನಮಾಲಾ ಮೊಣಕಾಲೂರಿ ಕೂತು, ಸಣ್ಣ ಕುಂಚದಿಂದ ಒಂದೊಂದೇ ಮನೆಗೆ ಕಪ್ಪು ಬಣ್ಣದಲ್ಲಿ ಅಂಕಿ ಬರೆಯುತ್ತ ಬಂದಳು. ಅವಳು ಸರಿದಾಗಲೆಲ್ಲ ಕಾಲುಂಗುರ ನನ್ನ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಕಾಲು ಜಾಡಿಸುವಳು, ಅವನು ಬಂದು ಬಿಡಿಸುವನು. ಬಿಡಿಸಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವನು.

ಕೊನೆಯ ಸಾಲಿಗೆ ಬಂದಾಗ ಕುಂಚ ನಿಂತಿತು.

"ರೀ, ನೋಡ್ರಿಲ್ಲೆ. ತೊಂಬತ್ತೊಂದು ಯಾಕ ಕೆಂಪೈತಿ?"

"ಅದಕ್ಕ ಯಾರೂ ಬರಂಗಿಲ್ಲಲ್ಲ?"

"ಏಳ ಹದಿಮೂರ್ಲೆ?"

ಅವನು ಮತ್ತೆ ಬೆರಳು ಮಡಿಚಿ ನೋಡಿದ. "ಹದಿಮೂರ್ತನ ಹೊಂಟಿದ್ದೆ," ಎಂದ. "ಆ ಹಾರನ್ ಹೊಡದ ನೋಡು, ಹನ್ನೊಂದಕ್ಕ ನಿಂತಬಿಟ್ಟೆ."

ಅವಳು ಕುಂಚ ಹಿಡಿದುಕೊಂಡೇ ನಕ್ಕಳು. ನಗುವಿಗೆ ಒಂದು ತೊಟ್ಟು ಬಣ್ಣ ನನ್ನ ಅಂಚಿನ ಮೇಲೆ ಬಿತ್ತು. ಅದು ಈಗಲೂ ಇದೆ.

ಅಂದು ಸಂಜೆ ಅವರಿಬ್ಬರೇ ಆಡಿದರು. ಅವಳ ಕಾಯಿ ಹಸಿರು ಬಳೆಯ ಚೂರು. ಅವನದು ಹಳೆಯ ಖಾಕಿ ಅಂಗಿಯಿಂದ ಕಿತ್ತ ಹಿತ್ತಾಳೆ ಗುಂಡಿ. ಅವನು ಬೇಕೆಂದೇ ತೊಂಬತ್ತೊಂದಕ್ಕೆ ಹೋಗಿ ಕೂತ.

"ಇದು ನನ್ನ ಮನಿ. ಕೆಂಪ ಐತಿ. ಯಾರ ಹೊಡೀತಾರ ನೋಡೋಣು."

"ತಪ್ಪ ಮನಿಯೊಳಗ ಕುಂತು ಜೋರ ನೋಡ್ರಿ ಇವರದು. ಏಳ ಬೀಳ್ಲಿ, ತೋರಸ್ತೀನಿ."

ಏಳು ಕವಡೆಯೂ ಒಟ್ಟಿಗೆ ಅಂಗಾತ ಬೀಳುವುದು ಅಪರೂಪ. ಅವಳು ಚೆಲ್ಲಿದಳು, ಮತ್ತೆ ಚೆಲ್ಲಿದಳು. ಬೀಳಲಿಲ್ಲ. ಅವನು ನೂರು ಮುಟ್ಟಿ, ಗುಂಡಿಯನ್ನು ಮೀಸೆಗೆ ಮುಟ್ಟಿಸಿಕೊಂಡ. "ದಸರಾ ಸೂಟಿಯೊಳಗ ಒಯ್ದು ಹಳದಿ ಹಾಕ್ಸಿಕೊಂಡ ಬರ್ತೀನಿ," ಎಂದ. "ಅಲ್ಲೀತನ ಇರಲಿ, ಟೀಚರ್ ಬಾಯಾರ."

ಅವಳು ನನ್ನನ್ನು ಸುತ್ತಿ, ಕಪಾಟಿನ ಪಕ್ಕ ನಿಲ್ಲಿಸಿದಳು.

ದಸರಾ ಬಂತೋ ಹೋಯಿತೋ ನನಗೆ ತಿಳಿಯಲಿಲ್ಲ. ಸುತ್ತಿಟ್ಟ ಜಮಖಾನಕ್ಕೆ ಹಬ್ಬವಿಲ್ಲ. ಆ ಮನೆಗೆ ಒಂದು ದಿನ ಬಹಳ ಪಾದಗಳು ಬಂದವು, ಬಹಳ ಜನ ಪಿಸುಮಾತಾಡಿದರು. ಯಾರೋ "ಬಸ್ಸಿನ್ಯಾಗ ಎದಿ ಹಿಡಕೊಂಡ ಕುಂತಾಂವ, ಮತ್ತ ಏಳಲಿಲ್ಲ" ಎಂದರು. ಯಾರೋ ನನ್ನನ್ನು ಹಾಸಲು ಎಳೆದಾಗ ವನಮಾಲಾ "ಅದು ಬ್ಯಾಡ" ಎಂದಳು. ಅವಳ ದನಿ ಆ ದಿನ ಕೇಳಿದ್ದು ಅಷ್ಟೇ.

ನನ್ನನ್ನು ಮತ್ತೆ ಬಿಚ್ಚಿದ್ದು ಶಾಲೆಯ ಆರನೇ ಇಯತ್ತೆಯ ಕೋಣೆಯಲ್ಲಿ. ಬೆಳಕು ಬಂದೊಡನೆ ನಾನು ಅವಳ ಪಾದ ಹುಡುಕಿದೆ. ಅವಳು ಅಂಚನ್ನು ಸರಿಪಡಿಸಲು ಒಂದೇ ಒಂದು ಹೆಜ್ಜೆ ನನ್ನ ಮೇಲಿಟ್ಟಳು. ಏನೂ ಸಿಕ್ಕಿಕೊಳ್ಳಲಿಲ್ಲ. ಬೆರಳುಗಳು ಬರಿದಾಗಿದ್ದವು.

ಆಮೇಲೆ ಅವಳು ನನ್ನ ಮೇಲೆ ಕಾಲಿಡಲಿಲ್ಲ. ಆಟ ಹೇಳಿಕೊಟ್ಟಳು, ಕವಡೆ ಕೊಟ್ಟಳು, ಕಾಯಿಗಳ ಡಬ್ಬಿ ಕೊಟ್ಟಳು. ಡಬ್ಬಿಯಲ್ಲಿ ಹುಣಸೆಬೀಜ, ಕಲ್ಲುಹರಳು, ಹಸಿರು ಬಳೆಯ ಚೂರು, ಮತ್ತು ಹಿತ್ತಾಳೆ ಗುಂಡಿ. ಕೊಟ್ಟು, ಅಂಚಿನ ಆಚೆ ನಿಲ್ಲುತ್ತಿದ್ದಳು. ಪಾಠ ಚೆನ್ನಾಗಿಯೇ ಮಾಡುತ್ತಿದ್ದಳು. ತಪ್ಪಿದರೆ ಬೈಯುತ್ತಿರಲಿಲ್ಲ, ಸರಿಯಾದರೆ ಹಿಗ್ಗುತ್ತಿರಲಿಲ್ಲ. ಬೇರೆ ಯಾರದೋ ಮನೆಯ ಕೆಲಸವನ್ನು ಒಪ್ಪವಾಗಿ ಮಾಡಿಕೊಟ್ಟು ಹೋಗುವವರ ಹಾಗಿದ್ದಳು.

ಆದರೆ ಹುಡುಗಿಯರು! ಅವರ ಗದ್ದಲಕ್ಕೆ ನನ್ನ ನೂಲೆಲ್ಲ ನಡುಗುತ್ತಿತ್ತು. ಮಗ್ಗಿ ಎಂದರೆ ಮೂಗು ಮುರಿಯುತ್ತಿದ್ದವರು, ಒಬ್ಬಳ ಕಾಯಿ ಅರವತ್ಮೂರಕ್ಕೆ ಬಂದರೆ ಸಾಕು, "ಮೂರ ಬೀಳಲೇ, ಏಳ ಬೀಳಲೇ" ಎಂದು ಕವಡೆಗೆ ಊದುತ್ತಿದ್ದರು. ನಲವತ್ತೆಂಟರಲ್ಲಿ ಕೂರುವುದು ಹೆಡ್ಡತನ, ಅಲ್ಲಿಗೆ ಎಲ್ಲ ಕಡೆಯಿಂದ ಏಟು ಬರುತ್ತದೆ ಎಂದು ಅವರಿಗೆ ಬೇಗ ಗೊತ್ತಾಯಿತು. ನಲವತ್ತೊಂಬತ್ತು ಪರವಾಗಿಲ್ಲ, ಏಳು ಬಿದ್ದರಷ್ಟೇ ಭಯ. ಐವತ್ಮೂರು ಅರಮನೆ. ಅಪವರ್ತನ ಎಂಬ ಮಾತನ್ನು ಅವರು ಮರೆತೇಬಿಟ್ಟರು, ಆದರೆ ಯಾವ ಸಂಖ್ಯೆಗೆ ಯಾರು ಶತ್ರು ಎಂಬುದು ಬಾಯಿಗೆ ಬಂತು.

ಎಲ್ಲರಿಗೂ ಇಷ್ಟವಾದ ಮನೆ ತೊಂಬತ್ತೊಂದು. ನೂರರ ಹತ್ತಿರ, ಮೇಲಾಗಿ ಕೆಂಪು. ಎಲ್ಲರಿಗೂ ಬೇಕಾದ ಕಾಯಿ ಹಿತ್ತಾಳೆ ಗುಂಡಿ. ಆ ಎರಡೂ ಕೂಡಿದಾಗ, ಗುಂಡಿ ಆ ಮನೆಯಲ್ಲಿ ಕೂತಾಗ, ವನಮಾಲಾ ಅಂಚಿಗೆ ಬಹಳ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದು ಸಲ ಹಾಗೆ ಕೂತಿದ್ದಾಗಲೇ ಏಳು ಅಂಗಾತ ಬಿದ್ದವು. "ಸಾಕಿನ್ನ, ಪುಸ್ತಕ ತಗೀರಿ," ಎಂದು ಅವಳು ಗಂಟೆಗೆ ಮೊದಲೇ ಆಟ ಮುಗಿಸಿದಳು. ಹುಡುಗಿಯರು ಗೊಣಗಿದರು. ನನಗೆ ಅರ್ಥವಾಯಿತು. ಆ ಒಂದು ಮನೆಯಲ್ಲಿ ಅವನು ಕೂತಿದ್ದ, ಯಾರೂ ಹೊಡೆಯುವಂತಿರಲಿಲ್ಲ. ಅದನ್ನು ಉಳಿಸಲು ಗಣಿತದ ಟೀಚರ್ ಮಕ್ಕಳಿಗೆ ಒಂದು ಸುಳ್ಳನ್ನು ಕಲಿಸುತ್ತಿದ್ದಳು. ಅದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳ ಕಾಲಿನ ಹೆಬ್ಬೆರಳು ನನ್ನ ಅಂಚನ್ನು ಒತ್ತಿ ಒತ್ತಿ ಸವೆಸಿತ್ತು.

ಫಕ್ಕೀರವ್ವ ಆ ತರಗತಿಗೆ ಬಂದದ್ದು ಎರಡು ವರ್ಷದ ಮೇಲೆ. ಒರಟು ಹಿಮ್ಮಡಿಯ ಹುಡುಗಿ. ಆಟದಲ್ಲಿ ಯಾವಾಗಲೂ ಸೋಲುತ್ತಿದ್ದಳು, ಯಾಕೆಂದರೆ ಬೇರೆಯವರಂತೆ ಕೆಂಪು ಮನೆ ಹುಡುಕಿ ಕೂರುವ ತಾಳ್ಮೆ ಅವಳಿಗಿರಲಿಲ್ಲ. ಅಂದು ಅವಳ ಹುಣಸೆಬೀಜ ಇನ್ನೂ ಅರವತ್ತರ ಆಸುಪಾಸಿನಲ್ಲಿತ್ತು. ಎದುರು ಆಡುತ್ತಿದ್ದ ರಾಜಿಯ ಹಿತ್ತಾಳೆ ಗುಂಡಿ ತೊಂಬತ್ತೊಂದರಲ್ಲಿ ಆರಾಮಾಗಿ ಕೂತಿತ್ತು. ಫಕ್ಕೀರವ್ವ ಕವಡೆ ಚೆಲ್ಲಿದಳು. ಏಳೂ ಅಂಗಾತ.

"ಏಳ ಮನಿ ನಡಿ," ಎಂದಳು ರಾಜಿ. "ನಡದ್ರೂ ಸೋಲ್ತಿ, ನಿಂತ್ರೂ ಸೋಲ್ತಿ."

"ನಡೆಯಂಗಿಲ್ಲ. ಹೊಡೀತೀನಿ."

"ಯಾರನ್ನ?"

"ನಿನ್ನ."

"ಕಣ್ಣ ಕಾಣ್ತಾವಿಲ್ಲ ನಿನಗ? ಕೆಂಪ ಮನಿ ಐತಿ!"

"ಏಳ ಹದಿಮೂರ್ಲೆ ತೊಂಬತ್ತೊಂದು."

ಎಲ್ಲರೂ ನಕ್ಕರು. "ಏಳರ ಮಗ್ಗಿ ಹತ್ತಕ್ಕ ಮುಗೀತೈತಿ, ಹುಚ್ಚಿ!" ಎಂದಳು ರಾಜಿ.

"ಮಗ್ಗಿ ಎಲ್ಲಿ ಮುಗೀತೈತಿ? ನಾವು ನಿಂದರ್ತೀವಿ, ಅದು ಹೋಗ್ಕೋತ ಇರ್ತೈತಿ," ಎಂದು ಫಕ್ಕೀರವ್ವ ಎದ್ದಳು. ಲಂಗ ಎತ್ತಿ ಕಟ್ಟಿ ನನ್ನ ಏಳನೆಯ ಮನೆಯ ಮೇಲೆ ನಿಂತಳು. ಹದಿನಾಲ್ಕಕ್ಕೆ ಜಿಗಿದಳು, ಇಪ್ಪತ್ತೊಂದಕ್ಕೆ ಜಿಗಿದಳು. ಹುಡುಗಿಯರು ಮೊದಲು ಗೇಲಿಗೆ ಎಣಿಸಿದರು, ಆಮೇಲೆ ಜೊತೆಯಾಗಿ ಎಣಿಸಿದರು. ಎಪ್ಪತ್ತು. ಎಪ್ಪತ್ತೇಳು. ಎಂಬತ್ನಾಲ್ಕು. ಅವಳು ಅಲ್ಲಿ ನಿಂತು ಬೆರಳು ತೋರಿಸಿ ಒಂದೊಂದೇ ಮನೆ ಎಣಿಸಿದಳು, ಸಾಲು ಮುಗಿಸಿ ಮೇಲಿನ ಸಾಲಿಗೆ ಏರಿದಳು, ಕಡೆಗೊಮ್ಮೆ ಹಾರಿದಳು. ಆ ಒರಟು ಹಿಮ್ಮಡಿ ಹಿತ್ತಾಳೆ ಗುಂಡಿಯ ಪಕ್ಕದಲ್ಲೇ ಧಪ್ ಎಂದು ಬಿತ್ತು. ನನಗೆ ಖಾತೂನಬಿಯ ಪಂಜಾ ನೆನಪಾಯಿತು.

ಹುಡುಗಿಯರೆಲ್ಲ ಟೀಚರ ಕಡೆ ತಿರುಗಿದರು.

"ಅಕ್ಕೋರ," ಎಂದಳು ರಾಜಿ ಅಳುದನಿಯಲ್ಲಿ, "ನೀವ ಹೇಳ್ರಿ. ಕೆಂಪ ಮನಿ ಹೊಡಿಯಾಕ ಬರ್ತೈತೇನ್ರಿ?"

ವನಮಾಲಾ ಅಂಚಿನ ಆಚೆ ನಿಂತಿದ್ದಳು. ಕಿಟಕಿಯ ಕಡೆ ನೋಡಿದಳು. ಗಂಟೆಗೆ ಇನ್ನೂ ಹೊತ್ತಿತ್ತು. ಪುಸ್ತಕ ತೆಗೆಯಿರಿ ಎನ್ನಬಹುದಿತ್ತು. ಆ ಮಾತು ಅವಳ ಬಾಯಿಯ ತನಕ ಬಂದದ್ದು ನನಗೆ ಅಂಚನ್ನು ಒತ್ತಿದ ಅವಳ ಕಾಲ್ಬೆರಳಿನಿಂದ ತಿಳಿಯಿತು. ಫಕ್ಕೀರವ್ವ ಅಲುಗಾಡದೆ ಅವಳನ್ನೇ ನೋಡುತ್ತಿದ್ದಳು. ಸರಿಯಿದ್ದೂ ಸೋಲಬೇಕಾದೀತು ಎಂಬ ಹೆದರಿಕೆ ಆ ಹಿಮ್ಮಡಿಯಲ್ಲಿತ್ತು.

ವನಮಾಲಾ ನನ್ನ ಮೇಲೆ ಹೆಜ್ಜೆಯಿಟ್ಟಳು. ಒಂದು, ಇನ್ನೊಂದು. ಬಾಗಿದಳು. ಗುಂಡಿಯನ್ನು ಎತ್ತಿಕೊಂಡಳು.

"ಫಕ್ಕೀರವ್ವ ಹೊಡದದ್ದು ಖರೇ ಐತಿ," ಎಂದಳು. "ಕೆಂಪೇ ತಪ್ಪೈತಿ."

"ಯಾರ ಮಾಡ್ಯಾರ್ರಿ ತಪ್ಪು?"

"ನಮ್ಮನಿಯವರು." ಗುಂಡಿಯನ್ನು ಅಂಗೈಯಲ್ಲಿ ತಿರುಗಿಸಿದಳು. "ಏಳ ಹನ್ನೊಂದರತನ ಬಂದಿದ್ರಂತ. ಡ್ರೈವರ್ ಹಾರನ್ ಹೊಡದ. ಅಲ್ಲೇ ನಿಂತ್ರು."

ಒಬ್ಬ ಹುಡುಗಿ ಕಿಸಕ್ಕೆಂದಳು. ಅದು ಮತ್ತೊಬ್ಬಳಿಗೆ ಹತ್ತಿತು. "ಪೋಂ ಪೋಂ" ಎಂದಳು ಯಾರೋ. ಕೋಣೆಯೆಲ್ಲ ನಕ್ಕಿತು. ನಗು ಏರುತ್ತಿದ್ದಾಗ ಮಕ್ಕಳಿಗೆ ಹೆದರಿಕೆಯಾಗಿ ಟೀಚರ ಮುಖ ನೋಡಿದರು. ಅವಳೂ ನಗುತ್ತಿದ್ದಳು. ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತೊಂಬತ್ತೊಂದರ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಸತ್ತವನು ಆ ಕೋಣೆಯಲ್ಲಿ ಮೊದಲ ಸಲ ಬದುಕಿದವನಂತೆ ತಪ್ಪು ಮಾಡಿದ್ದ.

"ಶನಿವಾರ ಒಯ್ದು ಬದಲಿ ಮಾಡಿಸ್ತೀನಿ," ಎಂದಳು.

ಫಕ್ಕೀರವ್ವನ ಮುಖ ಇಳಿಯಿತು. "ಬದಲಿ ಮಾಡಿದ್ರ, ನಾ ಹುಡುಕಿದ್ದು ಯಾರ ನಂಬ್ತಾರ್ರಿ?"

ಶನಿವಾರ ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನವಲಗುಂದಕ್ಕೆ ಹೋದಳು. ಖಾತೂನಬಿಯ ಕಣ್ಣು ಮಂಜಾಗಿತ್ತು. ನನ್ನನ್ನು ಕೈಯಿಂದ ಸವರಿ, "ಇದು ನನ್ನ ಕೈದ," ಎಂದಳು. "ಸಾಹೇಬ್ರು ಬರಲಿಲ್ಲೇನವಾ?"

ಖಾತೂನಬಿಯ ಕೈ ನನ್ನಿಂದ ಸರಿದು ವನಮಾಲಾಳ ಬರಿ ಮಣಿಕಟ್ಟಿಗೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಒಂದ ಮನಿ ತಪ್ಪೈತಿ, ಬೂಬಮ್ಮಾ. ಕೆಂಪ ಬಿಚ್ಚಿ ಹಳದಿ ಹಾಕ್ರಿ."

"ತಪ್ಪ ನಂದಲ್ಲವಾ, ಸಾಹೇಬ್ರದೂ ಅಲ್ಲ. ಆ ಹಾಳ ಆಡಿಂದು," ಎಂದು ಖಾತೂನಬಿ ಸೂಜಿ ತೆಗೆದುಕೊಂಡಳು. ಅಂಚಿನ ಮನೆಯಾದ್ದರಿಂದ ಬಿಚ್ಚುವುದು ಕಷ್ಟವಿರಲಿಲ್ಲ. ಸೂಜಿಯ ತುದಿಯಿಂದ ಒಂದು ಕೆಂಪೆಳೆಯನ್ನು ಮೀಟಿ, ಮೆಲ್ಲಗೆ ಎಳೆದಳು. ಎಳೆ ಡೊಂಕುಡೊಂಕಾಗಿ, ಮನೆಯ ನೆನಪನ್ನು ಮೈಯಲ್ಲಿಟ್ಟುಕೊಂಡೇ ಹೊರಬಂತು.

"ಸಾಕು," ಎಂದಳು ವನಮಾಲಾ.

"ಬರೇ ಒಂದ ಎಳಿ ತಗದೀನಿ ಇನ್ನೂ."

"ಅಷ್ಟ ಸಾಕ್ರಿ. ಹುಡುಕವ್ರಿಗೆ ಬೇಕಾಗ್ತೈತಿ."

ಆ ಎಳೆಯನ್ನು ಅವಳು ಬೆರಳಿಗೆ ಸುತ್ತಿಕೊಂಡು ಊರಿಗೆ ಹೋದಳು. ನನ್ನ ಕೆಂಪು ಮನೆಯಲ್ಲಿ ಕೂದಲಿನಷ್ಟು ಸಣ್ಣ ಗೀರು ಉಳಿಯಿತು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ.

ಸೋಮವಾರ ಅವಳು ಹುಡುಗಿಯರಿಗೆ ಒಂದೇ ಮಾತು ಹೇಳಿದಳು. "ಸಣ್ಣವ್ರಿಗೆ ಹೇಳಬ್ಯಾಡ್ರಿ. ಅವರ ಕಾಲೀಲೆ ಅವರ ಹುಡುಕ್ಲಿ." ಆ ಶಾಲೆಯ ಪದ್ಧತಿ ಅಂದಿನಿಂದ ಹೀಗೇ ನಡೆಯಿತು. ತೊಂಬತ್ತೊಂದನ್ನು ಕಂಡುಹಿಡಿದವಳು ಬಾಯಿ ಮುಚ್ಚಿಕೊಂಡು ದೊಡ್ಡವರ ಸಾಲಿಗೆ ಸೇರುವಳು. ಕಂಡುಹಿಡಿಯದವಳು ಕೆಂಪು ಮನೆಯಲ್ಲಿ ನೆಮ್ಮದಿಯಾಗಿ ಕೂರುವಳು, ಸುತ್ತಲಿನವರು ನಗು ತಡೆಯಲಾರದೆ ಒದ್ದಾಡುವರು.

ವನಮಾಲಾಳಿಗೆ ವರ್ಗವಾದ ದಿನ ಅವಳು ಹುಡುಗಿಯರ ಜೊತೆ ಆಡಲು ಕೂತಳು. ಹಿತ್ತಾಳೆ ಗುಂಡಿಯನ್ನೇ ತೆಗೆದುಕೊಂಡಳು. ನಡೆದು ನಡೆದು ತೊಂಬತ್ತೊಂದಕ್ಕೆ ಹೋಗಿ ಕೂತಳು. "ಹೊಡೀರಿ ನೋಡೋಣು," ಎಂದಳು. ತನ್ನ ಸರದಿ ಬಂದಾಗಲೂ ಅಲ್ಲಿಂದ ಏಳಲಿಲ್ಲ. ಹುಡುಗಿಯರು ಸರದಿಯ ಮೇಲೆ ಕವಡೆ ಚೆಲ್ಲಿದರು. ಊದಿ ಚೆಲ್ಲಿದರು, ಕಣ್ಣು ಮುಚ್ಚಿ ಚೆಲ್ಲಿದರು. ಆರು ಬಿತ್ತು, ನಾಲ್ಕು ಬಿತ್ತು. ಏಳು ಬೀಳಲೇ ಇಲ್ಲ. ಗಂಟೆ ಹೊಡೆಯಿತು.

"ನಾಳೆ ಹೊಡೀತೀವ್ರೀ ಅಕ್ಕೋರ," ಎಂದಳು ಒಬ್ಬ ಪುಟ್ಟ ಹುಡುಗಿ. ನಾಳೆ ಟೀಚರ್ ಇರುವುದಿಲ್ಲ ಎಂಬುದು ಅವಳಿಗೆ ಮರೆತಿತ್ತು.

"ಆತು," ಎಂದಳು ವನಮಾಲಾ. ಗುಂಡಿಯನ್ನು ಆ ಮನೆಯಲ್ಲೇ ಬಿಟ್ಟು ಎದ್ದಳು.

ಆಮೇಲೆ ನನಗೆ ಹಲವು ಕೈಗಳಾದವು. ಒಬ್ಬ ಮಾಸ್ತರರು ನನ್ನನ್ನು ನಾಟಕದ ಪರದೆ ಮಾಡಿದರು. ಇನ್ನೊಬ್ಬರು ಬಿಸಿಯೂಟದ ಅಕ್ಕಿ ಚೀಲದ ಕೆಳಗೆ ಹಾಸಿದರು. ಗೋಡೆಗೆ ಹೊಳೆಯುವ ಹಲಗೆ ಬಂದ ಮೇಲೆ ಅಂಕಿಗಳು ಅದರಲ್ಲೇ ಕುಣಿಯತೊಡಗಿದವು. ನನ್ನನ್ನು ವಾಚನಾಲಯದ ಮೂಲೆಯಲ್ಲಿ, ಕಾಲು ಮುರಿದ ಬೆಂಚಿನ ಪಕ್ಕ ಹಾಸಿದರು. ಒಮ್ಮೆ ಹೊಸ ಹೆಡ್‌ಮಾಸ್ತರರು ಚಪ್ಪಲಿ ಬಿಟ್ಟು ನನ್ನ ಮೇಲೆ ನಿಂತು ಬಾಗಿ ನೋಡಿದರು. "ಇದೇನಿದು, ತೊಂಬತ್ತೊಂದು ಅವಿಭಾಜ್ಯ ಅಲ್ಲ," ಎಂದು ಗಟ್ಟಿಯಾಗಿ ಹೇಳತೊಡಗಿದರು. ಏಳನೇ ಇಯತ್ತೆಯ ಹುಡುಗಿಯರು ಓಡಿಬಂದು ಅವರ ಸುತ್ತ ಮುತ್ತಿದರು.

"ಸರ್, ಸರ್, ಸಣ್ಣಕ ಮಾತಾಡ್ರಿ! ಐದನೇ ಇಯತ್ತೇವ್ರು ಕೇಳಿಸ್ಕೋತಾರ!"

ಹೆಡ್‌ಮಾಸ್ತರರು ತಬ್ಬಿಬ್ಬಾಗಿ ಬಾಯಿ ಮುಚ್ಚಿಕೊಂಡರು. ಅವರೂ ಪದ್ಧತಿಗೆ ಸೇರಿದರು.

ಈಗ ನನ್ನ ಹಳದಿ ಬೂದು ಬಣ್ಣಕ್ಕೆ ತಿರುಗಿದೆ. ಅಂಕಿಗಳು ಅರ್ಧ ಅಳಿಸಿವೆ. ಕೆಲವು ಮನೆಗಳನ್ನು ಹೆಗ್ಗಣ ತಿಂದಿದೆ, ನೂರರ ಮನೆಯೂ ಅದರಲ್ಲಿ ಹೋಯಿತು. ಯಾರೂ ಮುಟ್ಟಲಾಗದ ಆ ಮನೆಗಾಗಿ ಮಕ್ಕಳು ಈಗ ಬರುವುದಿಲ್ಲ. ಆದರೂ ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಹೊತ್ತಿಗೆ ಯಾರಾದರೂ ಒಬ್ಬಳು ಬರುತ್ತಾಳೆ. ನಿನ್ನೆಯೂ ಬಂದಿದ್ದಳು, ಹೆಸರು ನನಗೆ ಗೊತ್ತಿಲ್ಲ. ಪಾದ ಸಣ್ಣದು. ಏಳರ ಮೇಲೆ ನಿಂತಳು, ಜಿಗಿದಳು, ತನಗೆ ತಾನೇ ಎಣಿಸಿಕೊಂಡಳು. ಎಪ್ಪತ್ತಕ್ಕೆ ಬಂದು ನಿಂತಳು. ಮಗ್ಗಿ ಮುಗಿಯಿತೆಂದು ಇಳಿಯಲು ಹೊರಟಳು.

ನಾನು ಕಾದೆ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಿರುಗಿ ನಿಂತು, ಎಪ್ಪತ್ತೇಳಕ್ಕೆ ಜಿಗಿದಳು.